ಹೊಸ ಗ್ರಾಫಿಕ್ಸ್ ಕಾರ್ಡು ಬೇಕೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನ ತೋಟದ ಮನೆಗಳಲ್ಲಿಯೂ ಕಂಪ್ಯೂಟರು ಈಗ ಅಪೂರ್ವ ವಸ್ತುವಲ್ಲ. ಉಜಿರೆ, ಮೂಡುಬಿದಿರೆಗಳ ಕಾಲೇಜುಗಳಲ್ಲಿ ಓದುವ ಮಕ್ಕಳುಳ್ಳ ಅನೇಕ ಕುಟುಂಬಗಳು ಅದನ್ನು ಕೊಂಡಿರುತ್ತವೆ. ಅಡಿಕೆ ಮಾರಿದ ಹಣವು ಕೈಸೇರುವ ದಿನಗಳಲ್ಲಿ ಆ ಮಕ್ಕಳು ತಂದೆಯ ಮುಂದಿಡುವ ಬೇಡಿಕೆಗಳಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡೂ ಒಂದು. ಅದರ ಬೆಲೆಯು ಮೂವತ್ತು ಸಾವಿರ ರೂಪಾಯಿಯಾದರೂ ಆಶ್ಚರ್ಯವಿಲ್ಲ. ನಾಲ್ಕು ವರ್ಷ ಬಾಳಿತೆಂದಿಟ್ಟುಕೊಂಡರೂ ವರ್ಷಕ್ಕೆ ಏಳೂವರೆ ಸಾವಿರವಾಯಿತು. ಒಲ್ಲೆನೆಂದರೆ ಮಕ್ಕಳ ಮುಖ ಬಾಡುವುದು; ಒಪ್ಪಿದರೆ ಗೊಬ್ಬರಕ್ಕೆಂದು ಎತ್ತಿಟ್ಟ ಹಣ ಕರಗುವುದು.

ಈ ಕಾರ್ಡು ಮಾಡುವ ಕೆಲಸವನ್ನು ಗೃಹಸ್ಥನು ಮೊದಲು ತಿಳಿದಿರಬೇಕು. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ರಂತೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿರುತ್ತವೆ. ಆಟದ ಚಿತ್ರವು ಸೆಕೆಂಡಿಗೆ ೬೦ ಬಾರಿ ಬದಲಾಗಬೇಕಾದರೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಆ ಒಂದೇ ಸೆಕೆಂಡಿನಲ್ಲಿ ನಿರ್ಣಯಿಸಬೇಕು. ಇದೇ ಕಾರ್ಡಿನ ಕೆಲಸ. ನುಡಿಯಲ್ಲಿ ಪತ್ರ ಬರೆಯುವವನಿಗೂ ಲೆಕ್ಕದ ಪಟ್ಟಿ ಇಡುವವನಿಗೂ ಇದರಿಂದ ಕಾಸಿನ ಪ್ರಯೋಜನವಿಲ್ಲ. ಯಂತ್ರವು ಎಚ್ಚರಗೊಳ್ಳಲು ಐದು ನಿಮಿಷ ತೆಗೆದುಕೊಳ್ಳುವುದೇ ದೂರಾದರೆ, ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿದರೆ ಕಾರ್ಡಿನ ಬೆಲೆಯ ಅಲ್ಪಾಂಶದಲ್ಲಿಯೇ ಗುಣ ಕಾಣುವುದು.

ಆಟವೇ ನಿಧಾನವಾಗುತ್ತಿದ್ದರೆ ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದೊಳಗಿನ ಚಿತ್ರದ ಅಳತೆಯನ್ನು ಇಳಿಸಿ ನೋಡಬೇಕು. ವೇಗವು ಚೆನ್ನಾಗಿ ಏರಿದರೆ ತಡೆಯು ಕಾರ್ಡಿನದೆಂದು ತಿಳಿಯಬಹುದು. ಏರದೆ ಇದ್ದಲ್ಲಿಯೇ ಇದ್ದರೆ ಪ್ರೊಸೆಸರೇ ಸೋತಿರುತ್ತದೆ, ಎಷ್ಟು ಬೆಲೆಬಾಳುವ ಕಾರ್ಡು ತಂದರೂ ಫಲವು ಅಷ್ಟಕ್ಕಷ್ಟೇ. ೬೦ ಹರ್ಟ್ಸಿನ ಪರದೆಯನ್ನಿಟ್ಟುಕೊಂಡು ಸೆಕೆಂಡಿಗೆ ೧೨೦ ಚಿತ್ರ ಬರೆಯುವ ಕಾರ್ಡನ್ನು ತರುವವರೂ ಉಂಟು! ಪರದೆಯು ತೋರಿಸುವುದು ೬೦ನ್ನು ಮಾತ್ರ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ವಿರಳ.

ಆದರೆ ಕಾರ್ಡೆಲ್ಲವೂ ಆಟಿಕೆಯೆಂದು ತಳ್ಳಿಹಾಕುವ ಹಿರಿಯರ ಮಾತನ್ನೂ ನಾವು ಒಪ್ಪಲಾರೆವು. ಮದುವೆ, ಯಕ್ಷಗಾನ, ಕಂಬಳಗಳ ವೀಡಿಯೋ ಸಂಕಲನದಿಂದ ಜೀವನ ಸಾಗಿಸುವವನಿಗೂ ಬ್ಲೆಂಡರಿನಲ್ಲಿ ಚಿತ್ರ ರಚಿಸಲು ಕಲಿಯುವ ವಿದ್ಯಾರ್ಥಿನಿಗೂ ಅದು ಉಪಕರಣವೇ ಸರಿ. ರಾತ್ರಿಯಿಡೀ ಕಾಯಬೇಕಾದ ಕೆಲಸವು ಸಂಜೆಯೊಳಗೆ ಮುಗಿದರೆ, ಆ ಹಣವು ಹಿಂದಿರುಗಿ ಬರುವುದು. ಅಂಥವರು ವೇಗಕ್ಕಿಂತಲೂ ಮೊದಲು ಕಾರ್ಡಿನ ಸ್ಮೃತಿಯನ್ನು, ಅಂದರೆ ಅದರ ಮೆಮೊರಿಯನ್ನು, ವಿಚಾರಿಸಬೇಕು. ೨೦೨೧ರ ಆರ್.ಟಿ.ಎಕ್ಸ್. ೩೦೬೦ಕ್ಕೆ ೧೨ ಜಿ.ಬಿ. ಇತ್ತು; ೨೦೨೩ರಲ್ಲಿ ಬಂದ ೪೦೬೦ಕ್ಕೆ ೮ ಮಾತ್ರ. ಹೊಸದೆಲ್ಲವೂ ಎಲ್ಲದರಲ್ಲಿಯೂ ಮಿಗಿಲೆಂದು ಭಾವಿಸಬಾರದು.

ಬೆಲೆಚೀಟಿಯಲ್ಲಿ ಕಾಣದ ಖರ್ಚು ಬೇರೆ. ಹಳೆಯ ಜಿ.ಟಿ.ಎಕ್ಸ್. ೧೬೫೦ ಕಾರ್ಡಿಗೆ ೭೫ ವಾಟ್ ವಿದ್ಯುತ್ತು ಸಾಕು. ಮೇಲೆ ಹೇಳಿದ ೩೦೬೦ಕ್ಕೆ ೧೭೦ ವಾಟ್ ಬೇಕು, ಮತ್ತು ೫೫೦ ವಾಟಿನ ಎಸ್.ಎಂ.ಪಿ.ಎಸ್. ಇರಬೇಕೆಂದು ತಯಾರಕರೇ ಹೇಳುತ್ತಾರೆ. ದಿನಕ್ಕೆ ಮೂರು ಗಂಟೆ ಪೂರ್ಣ ದುಡಿದರೆ ತಿಂಗಳಿಗೆ ಎಂಟೂವರೆ ಯೂನಿಟ್ ಅಧಿಕವಾಗುವುದು. ಇದು ಅಲ್ಪವೆಂದು ತೋರಬಹುದು; ಆದರೆ ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿಯ ೨೦೦ ಯೂನಿಟ್ಟಿನ ಗಡಿಯಲ್ಲಿರುವ ಮನೆಯು ಆ ಗಡಿಯನ್ನು ದಾಟಿದರೆ ಇಡೀ ಬಿಲ್ಲನ್ನು ತೆರಬೇಕಾಗುವುದು. ಮಳೆಗಾಲದಲ್ಲಿ ಕರೆಂಟು ಹೋಗಿಬರುವ ನಮ್ಮ ಊರುಗಳಲ್ಲಿ ಯು.ಪಿ.ಎಸ್. ಮಾತೂ ಉಂಟು. ೬೦೦ ವಿ.ಎ. ಎಂಬ ಸಣ್ಣ ಪೆಟ್ಟಿಗೆಯು ಸಾಮಾನ್ಯವಾಗಿ ಕೊಡುವುದು ೩೬೦ ವಾಟ್. ಪರದೆ, ಪ್ರೊಸೆಸರು, ಹೊಸ ಕಾರ್ಡು ಸೇರಿದರೆ ಅದಕ್ಕೆ ಭಾರವಾಗುವುದು.

ಹಳೆಯ ಕಾರ್ಡನ್ನು ಅಗ್ಗಕ್ಕೆ ಕೊಳ್ಳುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಈಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆಗಾಗಿ ಹಗಲಿರುಳು ದುಡಿದ ಅಸಂಖ್ಯ ಕಾರ್ಡುಗಳು, ೨೦೨೨ರ ಸೆಪ್ಟೆಂಬರಿನಲ್ಲಿ ಅದರ ಪದ್ಧತಿಯು ಬದಲಾದ ಮೇಲೆ, ಕೆಲಸವಿಲ್ಲದೆ ಮಾರಾಟಕ್ಕೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಆದರೆ ಫ್ಯಾನು ಸವೆದಿರಬಹುದು, ಗ್ಯಾರಂಟಿಯು ಮುಗಿದಿರಬಹುದು. ಮಾರುವವನ ಎದುರಿನಲ್ಲಿಯೇ ಅರ್ಧ ಗಂಟೆ ಆಟ ನಡೆಸಿ, ಶಾಖವನ್ನೂ ಸದ್ದನ್ನೂ ಪರೀಕ್ಷಿಸಿ, ಬಿಲ್ಲನ್ನು ಕೇಳಿ ಪಡೆದ ಮೇಲೆಯೇ ಹಣ ಎಣಿಸತಕ್ಕದ್ದು. ಅದಕ್ಕೆ ಒಪ್ಪದವನಿಂದ ಏನನ್ನೂ ಕೊಳ್ಳದಿರುವುದೇ ಲೇಸು.