ಪರಿಸರ ಅಪರಾಧಗಳ ತನಿಖಾಧಿಕಾರಿಯಾಗಲು: ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಕಾಡುಪ್ರಾಣಿಗಳ ಬೇಟೆ, ಮರಗಳ ಅಕ್ರಮ ಕಡಿತ, ನದಿಗೆ ಕಲುಷಿತ ನೀರು ಬಿಡುವುದು ಮುಂತಾದ ಕೃತ್ಯಗಳನ್ನು ತನಿಖೆ ಮಾಡುವ ಅಧಿಕಾರಿಯಾಗಬೇಕೆಂದು ಬಯಸುವ ಯುವಕ ಯುವತಿಯರು ಅರ್ಜಿ ಎಲ್ಲಿ ದೊರೆಯುತ್ತದೆ ಎಂದು ವಿಚಾರಿಸುವುದುಂಟು. ಕರ್ನಾಟಕದಲ್ಲಿ 'ಪರಿಸರ ಅಪರಾಧ ತನಿಖಾಧಿಕಾರಿ' ಎಂಬ ಹೆಸರಿನ ಪ್ರತ್ಯೇಕ ಹುದ್ದೆ ಇರುವುದಿಲ್ಲ. ಈ ಕಾರ್ಯವು ಮುಖ್ಯವಾಗಿ ಮೂರು ಕಡೆ ಹಂಚಿಕೆಯಾಗಿದೆ. ತಮ್ಮ ವಿದ್ಯಾರ್ಹತೆಗೆ ತಕ್ಕ ಮಾರ್ಗವನ್ನು ಆಯ್ದುಕೊಳ್ಳಲು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಹಾಗೂ ಹಾನಗಲ್, ಸವಣೂರು, ಹಿರೇಕೆರೂರು ಭಾಗದ ಅಭ್ಯರ್ಥಿಗಳಿಗೆ ಅನುಕೂಲವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

1. ಅರಣ್ಯ ಇಲಾಖೆ

ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿಯಲ್ಲಿ ಶೋಧನೆ, ಜಪ್ತಿ ಹಾಗೂ ಬಂಧನದ ಅಧಿಕಾರವು ಅರಣ್ಯಾಧಿಕಾರಿಗಳಿಗೆ ಇರುತ್ತದೆ. ವನ್ಯಜೀವಿ ಕಾಯ್ದೆಯ 50(8)ನೇ ಪ್ರಕರಣದಂತೆ, ಸರ್ಕಾರದಿಂದ ಅಧಿಕೃತಗೊಂಡ ಹಾಗೂ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯು ಸಾಕ್ಷಿಗಳನ್ನು ಕರೆಸಿ ಹೇಳಿಕೆ ದಾಖಲಿಸಬಹುದು. ಆರೋಪಿಯ ಸಮ್ಮುಖದಲ್ಲಿ ದಾಖಲಿಸಿದ ಇಂತಹ ಸಾಕ್ಷ್ಯವನ್ನು ನ್ಯಾಯಾಲಯವು ಪರಿಗಣಿಸಬಹುದಾಗಿದೆ.

2023ರ ಅಧಿಸೂಚನೆಗಳಲ್ಲಿ ಅರಣ್ಯ ವೀಕ್ಷಕ ಹುದ್ದೆಗೆ ಎಸ್.ಎಸ್.ಎಲ್.ಸಿ. ಹಾಗೂ ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿ.ಯು.ಸಿ. ವಿದ್ಯಾರ್ಹತೆಯನ್ನು ನಿಗದಿಪಡಿಸಲಾಗಿತ್ತು. ಉನ್ನತ ಹುದ್ದೆಗಳನ್ನು ಬಯಸುವವರು ಅರಣ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಪದವಿ ಪಡೆಯುವುದು ಉಪಯುಕ್ತ. ಈ ಪದವಿಯನ್ನು ನೀಡುವ ಅರಣ್ಯ ಮಹಾವಿದ್ಯಾಲಯವು ಸಮೀಪದ ಶಿರಸಿಯಲ್ಲಿದೆ. ಇಲಾಖೆಯ ತರಬೇತಿ ಸಂಸ್ಥೆಯಾದ ಕರ್ನಾಟಕ ರಾಜ್ಯ ಅರಣ್ಯ ಅಕಾಡೆಮಿಯು ಧಾರವಾಡದ ಗುಂಗರಗಟ್ಟಿಯಲ್ಲಿದೆ.

2. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1974ರಡಿ ಅದೇ ವರ್ಷ ರಚನೆಯಾದ ಈ ಮಂಡಳಿಯ ಪರಿಸರ ಅಧಿಕಾರಿಗಳು ಕೈಗಾರಿಕೆಗಳನ್ನು ಪ್ರವೇಶಿಸಿ ಪರಿಶೀಲಿಸುವ ಹಾಗೂ ಮಾದರಿ ಸಂಗ್ರಹಿಸುವ ಅಧಿಕಾರ ಹೊಂದಿರುತ್ತಾರೆ. ಇವರಿಗೆ ಪೊಲೀಸರಂತೆ ಬಂಧಿಸುವ ಅಧಿಕಾರ ಇರುವುದಿಲ್ಲ. ಈ ಹುದ್ದೆಗಳಿಗೆ ಅಧಿಸೂಚನೆಯಲ್ಲಿ ಸೂಚಿಸಿದ ತಾಂತ್ರಿಕ ಪದವಿ ಅವಶ್ಯಕ.

3. ಪೊಲೀಸ್ ಇಲಾಖೆ

ಸಿ.ಐ.ಡಿ.ಯ ಅರಣ್ಯ ಘಟಕವು ವನ್ಯಜೀವಿ ಅಂಗಾಂಗ ಹಾಗೂ ಶ್ರೀಗಂಧ ಸಾಗಾಣಿಕೆಯಂತಹ ಪ್ರಕರಣಗಳನ್ನು ನಿರ್ವಹಿಸುತ್ತದೆ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಯಾವುದೇ ಪದವಿ ಸಾಕಾಗುವುದರಿಂದ ಕಲಾ ಮತ್ತು ವಾಣಿಜ್ಯ ಪದವೀಧರರಿಗೂ ಈ ಮಾರ್ಗ ತೆರೆದಿದೆ. ಆದರೆ ನೇಮಕಾತಿ ಪೊಲೀಸ್ ಇಲಾಖೆಗೆ ಆಗುತ್ತದೆಯೇ ಹೊರತು ಅರಣ್ಯ ಘಟಕಕ್ಕೆ ನೇರವಾಗಿ ಅಲ್ಲ.

4. ತನಿಖೆಯ ಸ್ವರೂಪ

ಹುದ್ದೆ ಯಾವುದೇ ಇರಲಿ, ಪ್ರಕರಣವು ನಿಲ್ಲುವುದು ಸಾಕ್ಷ್ಯದ ಬಲದಿಂದ. ಎರಡು ಉದಾಹರಣೆಗಳನ್ನು ಗಮನಿಸಬಹುದು.

(ಅ) ಕಾರ್ಖಾನೆಯಿಂದ ಹೊರಬರುವ ನೀರಿನ ಮಾದರಿ ಪಡೆಯುವಾಗ, ಅದನ್ನು ವಿಶ್ಲೇಷಣೆಗೆ ಒಳಪಡಿಸುವ ಬಗ್ಗೆ ಉಸ್ತುವಾರಿ ಹೊಂದಿರುವವರಿಗೆ ಸ್ಥಳದಲ್ಲಿಯೇ ನೋಟೀಸು ನೀಡಬೇಕು. ಅವರ ಸಮ್ಮುಖದಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡತಕ್ಕದ್ದು. ಜಲ ಕಾಯ್ದೆಯ 21ನೇ ಪ್ರಕರಣದ ಈ ಕ್ರಮವನ್ನು ಪಾಲಿಸದಿದ್ದಲ್ಲಿ ವಿಶ್ಲೇಷಣಾ ವರದಿಯು ಸಾಕ್ಷ್ಯವಾಗಿ ಅಂಗೀಕಾರವಾಗುವುದಿಲ್ಲ. ನೀರು ಎಷ್ಟೇ ಕಲುಷಿತವಾಗಿದ್ದರೂ ಅದನ್ನು ತೋರಿಸುವ ವರದಿ ನ್ಯಾಯಾಲಯದಲ್ಲಿ ನಿರುಪಯುಕ್ತವಾಗುತ್ತದೆ. ನಷ್ಟವು ನದಿದಡದ ರೈತರದ್ದಾಗುತ್ತದೆ.

(ಆ) ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆ ಪ್ರದೇಶವು 2006ರಲ್ಲಿ ನವಿಲುಧಾಮವಾಗಿ ಘೋಷಿತವಾಗಿದೆ. ನವಿಲು ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಗೆ ಸೇರಿದ್ದು, ಅದರ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ ರೂ. 25,000 ದಂಡ ವಿಧಿಸಬಹುದು. ಆದರೆ ನವಿಲಿನ ಬಾಲದ ಗರಿಗೆ ಕಾಯ್ದೆಯಲ್ಲಿ ವಿನಾಯಿತಿ ಇರುವುದರಿಂದ ಗರಿ ದೊರೆತ ಮಾತ್ರಕ್ಕೆ ಬೇಟೆ ರುಜುವಾತಾಗುವುದಿಲ್ಲ. ತಾನಾಗಿ ಉದುರಿದ ಗರಿಯನ್ನೂ ಕಿತ್ತ ಗರಿಯನ್ನೂ ಗುರುತಿಸಲು ತನಿಖಾಧಿಕಾರಿ ಬಲ್ಲವನಾಗಿರಬೇಕು. ಮಾಂಸ ದೊರೆತಲ್ಲಿ ಅದು ಯಾವ ಪ್ರಾಣಿಯದೆಂದು ಡಿ.ಎನ್.ಎ. ಪರೀಕ್ಷೆಯಿಂದ ತಿಳಿಯಬಹುದು, ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಸ್ಥಳ ಮಹಜರು, ಜಪ್ತಿ ಪಟ್ಟಿ ಮತ್ತು ಮೊಹರು ಒಂದಕ್ಕೊಂದು ತಾಳೆಯಾಗಬೇಕು. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಕಡ್ಡಾಯ.

5. ಕಾನೂನಿನಲ್ಲಿ ಆಗಿರುವ ಬದಲಾವಣೆ

2023ರ ಜನ ವಿಶ್ವಾಸ ಕಾಯ್ದೆಯ ಮೂಲಕ ಪರಿಸರ (ಸಂರಕ್ಷಣೆ) ಕಾಯ್ದೆ, 1986ಕ್ಕೆ ಮಾಡಿದ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಮೊದಲು ಸೆರೆವಾಸಕ್ಕೆ ಗುರಿಯಾಗುತ್ತಿದ್ದ ಉಲ್ಲಂಘನೆಗಳಿಗೆ ಈಗ ನ್ಯಾಯನಿರ್ಣಯ ಅಧಿಕಾರಿಯು ರೂ. 10,000ದಿಂದ ರೂ. 15 ಲಕ್ಷದವರೆಗೆ ದಂಡ ವಿಧಿಸಬಹುದು. ಇದರಿಂದ ಸಾಕ್ಷ್ಯದ ಮಹತ್ವವೇನೂ ಕಡಿಮೆಯಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಾಗೂ ಭಾರತೀಯ ಸಾಕ್ಷ್ಯ ಅಧಿನಿಯಮಗಳನ್ನು ಅಭ್ಯರ್ಥಿಗಳು ಅವಶ್ಯವಾಗಿ ಓದಿಕೊಳ್ಳಬೇಕು.

6. ಅಭ್ಯರ್ಥಿಗಳಿಗೆ ಸೂಚನೆ

ವಯೋಮಿತಿ, ಮೀಸಲಾತಿ ಮತ್ತು ದೇಹದಾರ್ಢ್ಯತೆಯ ವಿವರಗಳು ಪ್ರತಿ ಅಧಿಸೂಚನೆಯಲ್ಲಿ ಬದಲಾಗಬಹುದು; ಆಯಾ ಅಧಿಸೂಚನೆಯೇ ಅಂತಿಮ. ಅರಣ್ಯ ಮತ್ತು ಪೊಲೀಸ್ ಹುದ್ದೆಗಳಿಗೆ ದೈಹಿಕ ಪರೀಕ್ಷೆ ಇರುವುದರಿಂದ ನಡಿಗೆ ಮತ್ತು ಓಟದ ಅಭ್ಯಾಸವನ್ನು ಮುಂಚಿತವಾಗಿಯೇ ಆರಂಭಿಸುವುದು ಒಳಿತು. ಜಾತಿ, ಆದಾಯ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಪ್ರಮಾಣ ಪತ್ರಗಳನ್ನು ಕೊನೆಯ ದಿನಾಂಕದವರೆಗೆ ಕಾಯದೆ ಪಡೆದಿಟ್ಟುಕೊಳ್ಳತಕ್ಕದ್ದು. ಇಲ್ಲದ ಹುದ್ದೆಯ ಹೆಸರು ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದಾಗಿ ಕೋರಲಾಗಿದೆ.