ಗುಳ್ಳೆಗಳ ಲೆಕ್ಕ ಮತ್ತು ಬೇಸಿಗೆಯ ಹೈಡ್ರಿಲ್ಲಾ

ಬೀಕರಿನ ನೀರಿನಲ್ಲಿ ಹೈಡ್ರಿಲ್ಲಾ ಎಂಬ ನೀರುಗಿಡದ ಒಂದು ಹಿಡಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ, ಆಲಿಕೆಯ ಕೊಳವೆಯ ಮೇಲೆ ನೀರು ತುಂಬಿ ಮಗುಚಿದ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆಗಳು ಏಳುತ್ತವೆ. ಪ್ರನಾಳದಲ್ಲಿ ಸೇರಿದ ಅನಿಲಕ್ಕೆ ಕೆಂಡವಿರುವ ಕಡ್ಡಿ ಹಿಡಿದರೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ಹಸಿರು ಗಿಡ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ ಎಂಬುದಕ್ಕೆ ಶಾಲೆಗಳಲ್ಲಿ ತೋರಿಸುವ ಸಾಕ್ಷಿ ಇದು. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬೆಳಕಿದ್ದಾಗ ಮಾತ್ರ ಈ ಅನಿಲ ಏಳುವುದನ್ನು ಯಾನ್ ಇಂಗೆನ್‌ಹೌಸ್ 1779ರಲ್ಲೇ ಬರೆದಿಟ್ಟಿದ್ದ. ಆದರೆ ಈ ಪ್ರಯೋಗದ ನಿಜವಾದ ಸ್ವಾರಸ್ಯ ಶುರುವಾಗುವುದು ಗುಳ್ಳೆಗಳನ್ನು ಎಣಿಸತೊಡಗಿದಾಗ.

ಗಿಡದಿಂದ 20 ಸೆಂ.ಮೀ. ದೂರದಲ್ಲಿರುವ ಸಣ್ಣ ದೀಪವನ್ನು 10 ಸೆಂ.ಮೀ.ಗೆ ತಂದರೆ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಗುಳ್ಳೆಗಳೂ ಹೆಚ್ಚುತ್ತವೆ. ಇನ್ನೂ ಹತ್ತಿರ ತಂದಂತೆ ಒಂದು ಹಂತದಲ್ಲಿ ಏರಿಕೆ ನಿಂತುಬಿಡುತ್ತದೆ. ಆಗ ನೀರಿಗೆ ಚಿಟಿಕೆ ಅಡುಗೆ ಸೋಡಾ ಬೆರೆಸಿ ನೋಡಿ. ನಿಂತ ಲೆಕ್ಕ ಮತ್ತೆ ಏರುತ್ತದೆ. ಗಿಡಕ್ಕೆ ಆಗ ಕೊರತೆಯಾಗಿದ್ದದ್ದು ಬೆಳಕಲ್ಲ, ಸೋಡಾ ಒದಗಿಸಿದ ಇಂಗಾಲ. ಕೆಲಸದ ವೇಗವನ್ನು ನಿರ್ಧರಿಸುವುದು ಯಾವುದು ತೀರ ಕಡಿಮೆ ಇದೆಯೋ ಅದು ಎಂಬ ಈ ತತ್ತ್ವವನ್ನು ಬ್ರಿಟನ್ನಿನ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ಸ್ಪಷ್ಟವಾಗಿ ಮಂಡಿಸಿದರು.

ಉಷ್ಣತೆಯ ವಿಚಾರದಲ್ಲಿ ಮಾತ್ರ ಗುಳ್ಳೆಗಳನ್ನು ಪೂರ್ತಿ ನಂಬುವಂತಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಅನಿಲ ಕರಗಿ ನಿಲ್ಲುವುದು ಕಡಿಮೆ. ಹಾಗಾಗಿ ದ್ಯುತಿಸಂಶ್ಲೇಷಣೆ ಹೆಚ್ಚದಿದ್ದರೂ ಗುಳ್ಳೆಗಳು ಹೆಚ್ಚಬಹುದು. ಹತ್ತಿರ ತಂದ ದೀಪ ಬೆಳಕಿನ ಜೊತೆ ಶಾಖವನ್ನೂ ಕೊಡುತ್ತದೆ. ನಡುವೆ ನೀರು ತುಂಬಿದ ಗಾಜಿನ ತೊಟ್ಟಿಯೊಂದನ್ನು ಇಡದಿದ್ದರೆ ಯಾವುದರ ಪರಿಣಾಮವನ್ನು ಅಳೆಯುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ. ಗುಳ್ಳೆಗಳ ಗಾತ್ರವೂ ಒಂದೇ ಇರುವುದಿಲ್ಲ. ಎಣಿಸುವುದಕ್ಕಿಂತ ಅನಿಲವನ್ನು ಸಣ್ಣ ಕೊಳವೆಯಲ್ಲಿ ಹಿಡಿದು ಅದರ ಪ್ರಮಾಣವನ್ನು ಅಳೆಯುವುದು ಮೇಲು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಗಿಡ ಯಾವತ್ತೂ ಒಂದೇ ಗಿಡವೇ? ಅದನ್ನು ಕೆದಕಿದವರು ಜಗದೀಶಚಂದ್ರ ಬೋಸ್. ರೇಡಿಯೊ ಅಲೆಗಳ ಸಂಶೋಧನೆಯಿಂದ ಸಸ್ಯಗಳತ್ತ ಹೊರಳಿದ ಬೋಸ್, ಹೈಡ್ರಿಲ್ಲಾದ ಆಮ್ಲಜನಕದ ಗುಳ್ಳೆಗಳನ್ನು ತಾನಾಗಿಯೇ ದಾಖಲಿಸುವ ಯಂತ್ರವನ್ನು ಕಲ್ಕತ್ತದಲ್ಲಿ ರೂಪಿಸಿದರು. ದ್ಯುತಿಸಂಶ್ಲೇಷಣೆಯ ಕುರಿತ ಅವರ ಪುಸ್ತಕ ಬಂದದ್ದು 1924ರಲ್ಲಿ. ಬೇಸಿಗೆಯ ಹೈಡ್ರಿಲ್ಲಾ ಚಳಿಗಾಲದ ಹೈಡ್ರಿಲ್ಲಾದಂತೆ ವರ್ತಿಸುವುದಿಲ್ಲ, ಬೇಸಿಗೆಯ ಗಿಡದ ರಸ ಹುಳಿಯಾಗಿರುತ್ತದೆ, ಮ್ಯಾಲಿಕ್ ಆಮ್ಲಕ್ಕೂ ಅದರ ದ್ಯುತಿಸಂಶ್ಲೇಷಣೆಗೂ ಸಂಬಂಧವಿದೆ ಎಂದು ಅವರು ಗುರುತಿಸಿದ್ದರು. ಇದರ ಪೂರ್ಣ ಅರ್ಥ ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಬೋಸರ ಸಸ್ಯವಿಜ್ಞಾನವನ್ನು ಗಿಡಕ್ಕೆ ಜೀವವಿದೆ ಎಂಬ ಒಂದು ಮಾತಿಗೆ ಇಳಿಸಿ ನೆನೆಯುವ ನಾವು ಈ ಅಧ್ಯಾಯವನ್ನು ಓದಲೇಬೇಕು.

ಬೇಸಿಗೆಯಲ್ಲಿ ಆಗುವುದೇನು? ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಗಿಡಗಳು ಒತ್ತೊತ್ತಾಗಿ ಬೆಳೆದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅವೇ ಅದನ್ನು ಹೀರಿ ಮುಗಿಸಿರುತ್ತವೆ. ನೀರಿನ ಪಿಎಚ್ 9 ದಾಟುವುದೂ ಉಂಟು. ಅವು ಬಿಟ್ಟ ಆಮ್ಲಜನಕ ಸುತ್ತಲೂ ತುಂಬಿಕೊಂಡಿರುತ್ತದೆ. ಇಂಗಾಲವನ್ನು ಹಿಡಿಯಬೇಕಾದ ರುಬಿಸ್ಕೊ ಎಂಬ ಕಿಣ್ವ ಇಂಥ ಹೊತ್ತಿನಲ್ಲಿ ಆಮ್ಲಜನಕವನ್ನೇ ಹಿಡಿದು ಗಿಡದ ಗಳಿಕೆಯನ್ನು ಪೋಲು ಮಾಡುತ್ತದೆ. ಆಗ ಹೈಡ್ರಿಲ್ಲಾ ದಾರಿ ಬದಲಿಸುತ್ತದೆ. ಬೇರೊಂದು ಕಿಣ್ವದಿಂದ ಇಂಗಾಲವನ್ನು ಮೊದಲು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕಟ್ಟಿಕೊಂಡು, ಹರಿತ್ತು ಕಣಗಳೊಳಗೆ ಒಯ್ದು, ರುಬಿಸ್ಕೊ ಇರುವಲ್ಲೇ ಬಿಡುತ್ತದೆ. ಜೋಳ, ರಾಗಿ, ಕಬ್ಬು ಬಳಸುವ ಸಿ4 ಉಪಾಯವೂ ಇದೇ. ಆದರೆ ಅವುಗಳಿಗೆ ಇದಕ್ಕಾಗಿ ಎರಡು ಬಗೆಯ ಜೀವಕೋಶಗಳು ಬೇಕು. ಎರಡೇ ಪದರಗಳ ತೆಳ್ಳನೆಯ ಎಲೆಯ ಹೈಡ್ರಿಲ್ಲಾ ಇಡೀ ಕೆಲಸವನ್ನು ಒಂದೊಂದು ಕೋಶದೊಳಗೇ ಮುಗಿಸುತ್ತದೆ, ಅದೂ ಬೇಕಾದಾಗ ಮಾತ್ರ.

ಇದನ್ನು ಬಿಡಿಸಿದ್ದು ಮುಖ್ಯವಾಗಿ ಅಮೆರಿಕದ ಫ್ಲಾರಿಡಾದಲ್ಲಿ, ಜಾರ್ಜ್ ಬೌಸ್ ಮತ್ತು ಅವರ ಜೊತೆಗಾರರು. ಅವರ ಆಸಕ್ತಿಗೆ ಕಾರಣವೂ ಇತ್ತು. ಅಕ್ವೇರಿಯಂ ವ್ಯಾಪಾರದ ಮೂಲಕ 1950ರ ದಶಕದಲ್ಲಿ ಅಲ್ಲಿಗೆ ಹೋದ ಹೈಡ್ರಿಲ್ಲಾ ಅಲ್ಲಿನ ಸರೋವರ, ಕಾಲುವೆಗಳನ್ನು ಕಟ್ಟಿಹಾಕಿತ್ತು. ಇಂಗಾಲ ಬತ್ತಿದ ನೀರಿನಲ್ಲೂ ದುಡಿಯಬಲ್ಲ ಈ ಶಕ್ತಿ ಅದರ ಗೆಲುವಿಗೆ ಒಂದು ಕಾರಣ.

ಆದ್ದರಿಂದ ನಮ್ಮ ಶಾಲೆಗಳಲ್ಲಿ ಗುಳ್ಳೆ ಎಣಿಸುವ ಮಕ್ಕಳು ದೀಪದ ದೂರ, ಸೋಡಾದ ಅಳತೆ, ನೀರಿನ ಉಷ್ಣತೆಗಳ ಜೊತೆಗೆ ಗಿಡ ಕಿತ್ತ ತಿಂಗಳು, ಹೊತ್ತು, ಅದು ಬೆಳೆದ ಜಾಗವನ್ನೂ ಬರೆದಿಡಬೇಕು. ಡಿಸೆಂಬರಿನಲ್ಲಿ ತಂದ ಗಿಡವನ್ನೂ ಏಪ್ರಿಲ್‌ನಲ್ಲಿ ದಟ್ಟವಾಗಿ ಬೆಳೆದ ಕಡೆಯಿಂದ ತಂದದ್ದನ್ನೂ ಸೋಡಾ ಹಾಕದ ನೀರಿನಲ್ಲಿ, ಒಂದೇ ಉಷ್ಣತೆ, ಒಂದೇ ಬೆಳಕಿನಲ್ಲಿಟ್ಟು ಹೋಲಿಸಲು ಬೇಕಾದ ಸಾಮಗ್ರಿಯೆಲ್ಲ ಸಾಧಾರಣ ಪ್ರಯೋಗಾಲಯದಲ್ಲೇ ಇದೆ.