ಬಂಡಿ, ಪರಸಿ ಕಲ್ಲು ಮತ್ತು ರಾಕೆಟ್

ಶಹಾಬಾದದ ಪರಸಿ ಕಲ್ಲು ನಿಮಗೆ ಗೊತ್ತು. ಒಂದು ಬಂಡಿ ತುಂಬ ಆ ಕಲ್ಲು ಹೇರಿದ್ದಾರೆ ಅನ್ನಿ. ಎತ್ತು ಕಟ್ಟಿಲ್ಲ. ನೆಲ ಬಲು ನುಣುಪು. ನೀವು ಬಂಡಿಯ ಮೇಲೆ ನಿಂತು ಒಂದೊಂದೇ ಕಲ್ಲನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತೀರಿ. ಏನಾಗುತ್ತದೆ? ಬಂಡಿ ತುಸುತುಸು ಮುಂದೆ ಸರಿಯುತ್ತದೆ.

ರಾಕೆಟ್ ಓಡುವುದೂ ಹೀಗೇ. ಅದು ಕಲ್ಲಿನ ಬದಲು ಬಿಸಿ ಹೊಗೆ ಎಸೆಯುತ್ತದೆ. "ಮ್ಯಾಲ ಗಾಳೀನ ಇಲ್ಲಲ್ರಿ, ಯಾವುದನ್ನ ಒದ್ದು ಮುಂದ ಹೋಗ್ತದ?" ಎಂದು ನಮ್ಮ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು. ಒಳ್ಳೆ ಪ್ರಶ್ನೆ. ಗಾಳಿ ಬೇಕಾಗಿಲ್ಲ. ತಾನು ಹೊತ್ತು ತಂದ ಇಂಧನವನ್ನೇ ಸುಟ್ಟು ಹಿಂದಕ್ಕೆ ಒದೆಯುತ್ತದೆ.

ಸೇಡಂ ದಾರಿಯಲ್ಲಾದರೆ ಪೆಟ್ರೋಲ್ ಬಂಕ್ ಸಿಗುತ್ತದೆ. ಆಕಾಶದಲ್ಲಿ ಎಲ್ಲಿಂದ ತರಬೇಕು? ಅಲ್ಲಿ ಬ್ರೇಕ್ ಹಾಕಲೂ ಇಂಧನವೇ ಬೇಕು.

2013ರ ನವೆಂಬರ್ 5ರಂದು ಇಸ್ರೋ ಮಂಗಳಯಾನ ಹಾರಿಸಿತು. ನೌಕೆಯ ತೂಕ 1337 ಕಿಲೋ. ಅದರಲ್ಲಿ 852 ಕಿಲೋ ಬರೀ ಇಂಧನ! ದಾರಿಯಲ್ಲಿ ದೊಡ್ಡ ಎಂಜಿನ್ ಸುಮಾರು 300 ದಿನ ಮಲಗಿತ್ತು. ಮತ್ತೆ ಹೊತ್ತದಿದ್ದರೆ ನೌಕೆ ಮಂಗಳನನ್ನು ದಾಟಿ ಹೋಗಿಬಿಡುವ ಭಯ. 2014ರ ಸೆಪ್ಟೆಂಬರ್ 22ರಂದು ಬರೀ 4 ಸೆಕೆಂಡು ಹೊತ್ತಿಸಿ ನೋಡಿದರು. ಹೊತ್ತಿತು. 24ರ ಬೆಳಿಗ್ಗೆ ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳನ ಹಿಂದೆ ಮರೆಯಾಯಿತು. ಬೆಂಗಳೂರಿನಲ್ಲಿ ಕುಳಿತವರಿಗೆ ಸುದ್ದಿಯೇ ಇಲ್ಲ. ಸುಮಾರು 24 ನಿಮಿಷ ಉರಿದು ವೇಗ ತಗ್ಗಿಸಿತ್ತು. ಮರೆಯಿಂದ ಹೊರಬಂದ ಮೇಲೆ, ಮಂಗಳನ ಸುತ್ತ ತಿರುಗುತ್ತಿದೆ ಎಂದು ತಿಳಿಯಿತು. 2022ರವರೆಗೆ ಅದರ ಸಂಪರ್ಕ ಇತ್ತು.

ಮಂಗಳ ನಮ್ಮ ನೆರೆಮನೆ ಇದ್ದಂತೆ. ನಕ್ಷತ್ರಕ್ಕೆ ಹೋಗುವುದು ಹೇಗೆ? 1977ರಲ್ಲಿ ಅಮೆರಿಕ ಕಳಿಸಿದ ವಾಯೇಜರ್ 1 ಸೆಕೆಂಡಿಗೆ 17 ಕಿ.ಮೀ. ಓಡುತ್ತದೆ. ಅಂದರೆ ವಾಡಿಯಿಂದ ಕಲಬುರ್ಗಿಗೆ ಮೂರೇ ಸೆಕೆಂಡು! ಆ ವೇಗದಲ್ಲಿಯೂ ಸೂರ್ಯನ ಆಚೆಯ ಅತಿ ಹತ್ತಿರದ ನಕ್ಷತ್ರಕ್ಕೆ 70,000 ವರ್ಷಕ್ಕೂ ಹೆಚ್ಚು ಬೇಕು.

ಅದಕ್ಕೆ ಬೇರೆ ಉಪಾಯ ಹುಡುಕುತ್ತಿದ್ದಾರೆ. ಸಣ್ಣ ಕಲ್ಲನ್ನೇ ಬಹಳ ಜೋರಾಗಿ ಎಸೆಯುವುದು ಒಂದು. ಬಿಸಿಲಿನಿಂದ ಕರೆಂಟ್ ಮಾಡಿ, ಜೆನಾನ್ ಎಂಬ ಅನಿಲವನ್ನು ಅದರಿಂದ ಹೊರಗೆ ದೂಡುತ್ತಾರೆ. ಇದರ ಬಲ ಅಂಗೈ ಮೇಲಿನ ಕಾಗದದ ಭಾರದಷ್ಟೇ. ನಗಬೇಡಿ! ತಿಂಗಳುಗಟ್ಟಲೆ ದೂಡಿದರೆ ವೇಗ ಏರುತ್ತಲೇ ಹೋಗುತ್ತದೆ. 2017ರಲ್ಲಿ ಹಾರಿಸಿದ ಜಿಸ್ಯಾಟ್-9 ಉಪಗ್ರಹದಲ್ಲಿ ಇಸ್ರೋ ಇಂಥ ಎಂಜಿನ್ ಇಟ್ಟಿತ್ತು.

ಇನ್ನೊಂದರಲ್ಲಿ ಕಲ್ಲೇ ಬೇಡ. ಬೆಳಕಿಗೂ ಚೂರು ದೂಡುವ ಬಲ ಇದೆ. 2010ರಲ್ಲಿ ಜಪಾನಿನವರು ಕೂದಲಿಗಿಂತ ತೆಳ್ಳಗಿನ ಹಾಳೆಯನ್ನು ದೋಣಿಯ ಹಾಯಿಯಂತೆ ಬಿಚ್ಚಿದರು. ಬಿಸಿಲೇ ನೌಕೆಯನ್ನು ದೂಡಿತು. ಸೂರ್ಯನಿಂದ ದೂರ ಹೋದಂತೆ ಬಿಸಿಲು ಕಡಿಮೆ. ಆಗ ಭೂಮಿಯಿಂದಲೇ ಲೇಸರ್ ಬೆಳಕು ಬಿಟ್ಟು ದೂಡಬಹುದೇ ಎಂದು ಲೆಕ್ಕ ಹಾಕುತ್ತಿದ್ದಾರೆ. ಅದು ಇನ್ನೂ ಕಾಗದದ ಮೇಲೇ ಇದೆ.